ಕಚ್ಚು ಹಾಕಿದ ಬಿಲ್ಲೆ

ಆಳಂದದ ಹಳೇ ಬಜಾರದಲ್ಲಿ ಕಡಲೆ ಹುರಿದು ಪುಠಾಣಿ ಮಾಡುವ ಭಟ್ಟಿ ಇಟ್ಟಿದ್ದ ಮುದುಕಿಯನ್ನು ಜನ ಈಗಲೂ ಹೊಗಳುತ್ತಾರೆ. ಅವಳು ಸತ್ತು ಎಷ್ಟೋ ಕಾಲವಾಯಿತು. ಭಟ್ಟಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಆದರೂ ವಯಸ್ಸಾದವರು ನಾಲ್ಕು ಜನ ಕೂತರೆ ಅವಳ ಮಾತು ಬಂದೇ ಬರುತ್ತದೆ. ಸರಕಾರದ ಹತ್ತಿರವೇ ಚಿಲ್ಲರೆ ಇಲ್ಲದ ಕಾಲದಲ್ಲಿ ಇಡೀ ಬಜಾರ ನಡೆಸಿದ ಪುಣ್ಯವಂತೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅಷ್ಟು ಹೇಳಿ ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಾರೆ. ಉಳಿದದ್ದನ್ನು ಹೇಳುವವರು ನಮ್ಮ ಕೇರಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅಕ್ಷರ ನನಗೆ ತಲೆ ನೆರೆತ ಮೇಲೆ ಬಂದವು. ಬಂದಷ್ಟರಲ್ಲಿ ಬರೆಯುತ್ತೇನೆ.

ಅವಳ ಹೆಸರು ಬೇಡ. ಎಲ್ಲರೂ ಆಯಿ ಎನ್ನುತ್ತಿದ್ದರು. ಗಿಡ್ಡ ಹೆಂಗಸು. ಹಣೆಗೆ ವಿಭೂತಿ, ಅದು ವಿಭೂತಿಯೋ ಭಟ್ಟಿಯ ಬೂದಿಯೋ ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತಿರಲಿಲ್ಲ. ಹುಬ್ಬಿನ ಕೂದಲು ಸುಟ್ಟು ಹೋಗಿ ಮುಖ ಮೊಟ್ಟೆಯ ಹಾಗೆ ಕಾಣುತ್ತಿತ್ತು. ಉಸುಕು ಕಾದಿದೆಯೋ ಇಲ್ಲವೋ ನೋಡಲು ಬಾಣಲೆಗೆ ಒಂದು ಕಡಲೆ ಕಾಳು ಒಗೆದು ಕಿವಿ ಕೊಡುತ್ತಿದ್ದಳು. ಕಣ್ಣಿನಿಂದ ನೋಡುತ್ತಿರಲಿಲ್ಲ. "ಕಾಳು ತಾನೇ ಹೇಳ್ತದ" ಎನ್ನುತ್ತಿದ್ದಳು. ಕಡಲೆ ಅಫಜಲಪುರದ ಕಡೆಯದೇ ಆಗಬೇಕು, ಭೀಮಾ ದಂಡೆಯ ಎರೆಮಣ್ಣಿನದು. ಬೇರೆ ಕಡೆಯದು ತಂದರೆ ಗಾಡಿಯವನ ಮುಂದೆಯೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ಉಗುಳಿ, "ಇದನ್ನ ನಿನ್ನ ಎತ್ತಿಗೆ ಹಾಕು. ತಿಂದ್ರ ನನಗ ಬಂದು ಹೇಳು" ಎನ್ನುತ್ತಿದ್ದಳು.

ನಾನು ಅವಳ ಭಟ್ಟಿಗೆ ತೊಗರಿ ಕಟ್ಟಿಗೆ ಹಾಕುತ್ತಿದ್ದೆ. ತೊಗರಿ ಕೊಯ್ದ ಹೊಲಗಳಲ್ಲಿ ಉಳಿದ ಕಟ್ಟಿಗೆ ಕಿತ್ತು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುವ ಕೆಲಸ. ನಮ್ಮ ಕೇರಿಯ ಹೆಂಗಸರು ಐದಾರು ಜನ ಅದನ್ನೇ ಮಾಡುತ್ತಿದ್ದೆವು. ನನ್ನ ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ಸುದ್ದಿ ಕಳಿಸುತ್ತಿದ್ದ, ರೊಕ್ಕ ಕಳಿಸುತ್ತಿರಲಿಲ್ಲ. ಹೊರೆ ಇಳಿಸಿದ ಕೂಡಲೇ ಆಯಿ ಒಂದು ಕಡ್ಡಿ ಎಳೆದು ಮುರಿದು ಮೂಸಿ ನೋಡುತ್ತಿದ್ದಳು.

"ಹಸಿ ಅದ."

"ಹಸಿ ಎಲ್ಲಿ ಬಂತ್ರೀ ಆಯಿ, ಎರಡು ವಾರ ಬಿಸಲಾಗ ಬಿದ್ದಾವ."

"ಬಿಸಲಾಗ ಬಿದ್ದಾವ, ಮ್ಯಾಲ ನೀ ಕುಂತಿದ್ದೀ ಅನಸ್ತದ. ನಿನ್ನ ಬೆವರ ವಾಸನಿ ಬರಾಕತ್ತದ."

ಬಾಯಿ ಇಂಥದ್ದು. ಆದರೆ ಅಳತೆಯಲ್ಲಿ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಹಿಡಿ ತುಂಬ ಪುಠಾಣಿ ಹಾಕಿದ ಮೇಲೆ ಮತ್ತೆ ನಾಲ್ಕು ಕಾಳು ಕೊಸರು ಹಾಕುವುದು ಎಲ್ಲರಿಗೂ ಇತ್ತು, ನಮಗೂ ಇತ್ತು. ನಮ್ಮ ಉಡಿಯೊಳಗೆ ಮೇಲಿನಿಂದ ಸುರಿಯುತ್ತಿದ್ದಳು, ಅಷ್ಟೇ. ನಾವು ಕೊಡುವ ದುಡ್ಡನ್ನು ಭಟ್ಟಿಯ ಕಟ್ಟೆಯ ತುದಿಗೆ ಇಡಬೇಕು. ಅವಳು ಅದನ್ನು ಕೈಯಿಂದ ಮುಟ್ಟದೆ, ಕಬ್ಬಿಣದ ಸೌಟಿನಿಂದ ಎಳೆದು, ಕಾದ ಉಸುಕಿನಲ್ಲಿ ಒಂದು ಸಲ ಹೊರಳಿಸಿ, ಆಮೇಲೆ ಗಲ್ಲೆಗೆ ಹಾಕುತ್ತಿದ್ದಳು. ಬೇರೆ ಅಂಗಡಿಯವರು ನೀರು ಚಿಮುಕಿಸುತ್ತಿದ್ದರು, ಇವಳು ಬೆಂಕಿಗೆ ಹಾಕುತ್ತಿದ್ದಳು. "ಬೆಂಕಿಗೆ ಎಲ್ಲಾರದೂ ಒಂದ" ಎನ್ನುತ್ತಿದ್ದಳು. ಇದನ್ನು ಅವಳು ದೊಡ್ಡ ಮಾತು ಎಂದು ತಿಳಿದಿದ್ದಳು. ಒಂದೇ ಆದರೆ ಬೆಂಕಿಗೆ ನಮ್ಮದನ್ನು ಮಾತ್ರ ಯಾಕೆ ಹಾಕಬೇಕು ಎಂದು ನಾನು ಆಗ ಕೇಳಲಿಲ್ಲ. ಯಾರೂ ಕೇಳುತ್ತಿರಲಿಲ್ಲ.

ನಾಣ್ಯದ ಬಗ್ಗೆ ಅವಳಿಗೆ ಅವಳದೇ ತೀರ್ಮಾನಗಳಿದ್ದವು. ಆಗ ನಮ್ಮದು ನಿಜಾಮರ ರಾಜ್ಯ, ನಮ್ಮ ರೂಪಾಯಿಯ ಮೇಲೆ ಚಾರ್ ಮಿನಾರ್. ಸೊಲ್ಲಾಪುರದ ಕಡೆಯ ಗಾಡಿಯವರು ತರುವ ಇಂಗ್ಲಿಷರ ರೂಪಾಯಿಯ ಮೇಲೆ ರಾಜನ ಮುಖ. ಪೇಟೆಯಲ್ಲಿ ಅವರ ರೂಪಾಯಿಗೆ ನಮ್ಮದಕ್ಕಿಂತ ಬೆಲೆ ಜಾಸ್ತಿ. ಆಯಿಗೆ ಅದು ಸೇರುತ್ತಿರಲಿಲ್ಲ. "ಮಾರಿ ನೋಡಿ ಯಾಕ ಬೆಲಿ ಕೊಡಬೇಕು? ಈ ಮನುಷ್ಯಾ ನಾಳೆ ಸಾಯ್ತಾನ. ಮಿನಾರು ಸಾಯ್ತದೇನು?" ಎಂದು ಗಾಡಿಯವರ ಜೊತೆ ವಾದ ಹಾಕುತ್ತಿದ್ದಳು. ಬೆಳ್ಳಿ ಜಾಸ್ತಿ ಇದೆ, ಅದಕ್ಕೆ ಬೆಲೆ ಎಂದು ಅವರು ಹೇಳಿದರೆ, "ಬೆಳ್ಳಿ ಕಡೀತೀಯೇನು ಹಸಿವಾದ್ರ? ಬಾಯಾಗ ಹಾಕ್ಕೊಂಡು ನೋಡು" ಎಂದು ಪುಠಾಣಿಯ ಬುಟ್ಟಿ ಕುಲುಕುತ್ತಿದ್ದಳು. ಈ ಮಾತು ಅವಳ ತಲೆಯಲ್ಲಿ ಆವತ್ತೇ ಬೇರು ಬಿಟ್ಟಿತ್ತೆಂದು ಕಾಣುತ್ತದೆ.

ಆಮೇಲೆ ಎಲ್ಲೋ ದೂರದ ಯುದ್ಧಕ್ಕೆ ನಮ್ಮ ಬಜಾರದ ಚಿಲ್ಲರೆ ಮಾಯವಾಯಿತು. ತಾಮ್ರವೆಲ್ಲ ಗುಂಡು ಮಾಡಲು ಹೋಯಿತು ಎಂದರು. ಇಲ್ಲ, ಸಾವ್ಕಾರರು ಕರಗಿಸಿ ತಂಬಿಗೆ ಮಾಡಿಸಿದರು ಎಂದೂ ಅಂದರು. ಯಾವುದು ಖರೆಯೋ. ರೂಪಾಯಿ ಇದ್ದವನಿಗೆ ಉಪ್ಪು ಸಿಗದ ಹಾಗಾಯಿತು, ತಿರುಗಿ ಕೊಡಲು ಚಿಲ್ಲರೆ ಇಲ್ಲವಲ್ಲ. ಎಲೆ ಅಡಿಕೆಯವನು ಚಿಲ್ಲರೆ ಬದಲು ಎಲೆ ಕೊಟ್ಟ. ಅದು ಸಂಜೆಗೆ ಬಾಡಿತು. ಆಯಿ ಮಾತ್ರ ಒಣಗಿದ ಸೋರೆ ಬುರುಡೆಗಳನ್ನು ತರಿಸಿ, ಕತ್ತರಿಸಿ, ದುಡ್ಡಿನಷ್ಟು ಅಗಲದ ಬಿಲ್ಲೆ ಮಾಡಿ, ಒಳಮೈಗೆ ಕಾದ ಸೌಟಿನ ತುದಿಯಿಂದ ಚುರ್ರ್ ಎಂದು ಒಂದು ಬರೆ ಹಾಕಿದಳು. ಒಂದು ಬಿಲ್ಲೆಗೆ ಒಂದು ಹಿಡಿ ಪುಠಾಣಿ. ಯಾವತ್ತು ತಂದರೂ ಕೊಡುತ್ತೇನೆ ಎಂದಳು.

ಮೊದಲು ಜನ ನಕ್ಕರು. "ಆಯಿ ಟಂಕಸಾಲಿ ಇಟ್ಟಾಳ" ಎಂದರು. ಎರಡು ಸಂತೆ ಕಳೆಯುವುದರೊಳಗೆ ಅದೇ ಬಿಲ್ಲೆಯನ್ನು ಮೆಣಸಿನಕಾಯಿಯವಳು ತೆಗೆದುಕೊಂಡಳು, ಬಳೆಗಾರ ತೆಗೆದುಕೊಂಡ, ಎದುರಿಗಿನ ಎಣ್ಣೆ ಅಂಗಡಿಯ ಸಾವ್ಕಾರನೂ ತೆಗೆದುಕೊಂಡ. ಯಾಕೆಂದರೆ ಪುಠಾಣಿ ಬೇಡದ ಮನೆ ಆಳಂದದಲ್ಲಿ ಇರಲಿಲ್ಲ, ಆಯಿ ಮಾತು ತಪ್ಪಿದ್ದನ್ನು ನೋಡಿದವರೂ ಇರಲಿಲ್ಲ. ಮುದ್ರೆ ಹಾಕಲು ರಾಜ ಬೇಕಿಲ್ಲ, ಸೌಟು ಸಾಕು ಎಂದು ನಾವೂ ನಂಬಿದೆವು. ಬಿಲ್ಲೆ ಕೈಯಿಂದ ಕೈಗೆ ಹೋಗಿ ಬೆವರು ಕುಡಿದು, ಎಣ್ಣೆ ಕುಡಿದು, ಹುಣಸೆ ಬೀಜದ ಬಣ್ಣಕ್ಕೆ ತಿರುಗಿತು.

ಕಟ್ಟಿಗೆಯ ಕೂಲಿಯೂ ಬಿಲ್ಲೆಯಲ್ಲೇ ಬರತೊಡಗಿತು. ಆ ವರ್ಷ ನನ್ನ ಮಗಳಿಗೆ ಎಂಟೊಂಬತ್ತು ತಿಂಗಳು. ನನ್ನ ಎದೆಯಲ್ಲಿ ಹಾಲು ನಿಂತಿತ್ತು. ಕೂಸಿನ ರಟ್ಟೆ ಹಿಡಿದರೆ ಎಲುಬು ಸಿಗುತ್ತಿತ್ತು. ಊರೊಳಗಿನ ಹಾಲು ನಮ್ಮ ಕೇರಿಗೆ ಬರುವುದು ಉಳಿದರೆ ಮಾತ್ರ, ಮತ್ತು ಉಳಿಯುತ್ತಿರಲಿಲ್ಲ. ಆಗ ಜೇವರ್ಗಿ ಕಡೆಯ ಒಬ್ಬ ಕುರುಬ ಕುರಿ ಹಿಂಡು ಹೊಡೆದುಕೊಂಡು ಬಂದು ನಮ್ಮೂರ ಹೊಲಗಳಲ್ಲಿ ತಳ ಹಾಕಿದ್ದ. ಅವನ ಹಿಂಡಿನಲ್ಲಿ ಒಂದು ಕರಿ ಆಡು, ಈಗಷ್ಟೇ ಈದದ್ದು. ಅದರ ಕೆಚ್ಚಲು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಕೊಡ್ತೀಯೇನಣ್ಣಾ?" ಎಂದೆ.

"ಏನ್ ಕೊಡ್ತಿ?"

"ಆಯಿ ಬಿಲ್ಲಿ."

ಅವನು ಗಡ್ಡ ಕೆರೆದುಕೊಂಡ. "ಬಜಾರದಾಗ ನಡೀತಾವಂದ್ರ ನನಗೂ ನಡೀತಾವ. ಕಂಬಳಿ ಬೇಕು, ಎಣ್ಣಿ ಬೇಕು, ಉಪ್ಪು ಬೇಕು. ಮಿರ್ಗದ ಮಳಿ ಬರೂದ್ರಾಗ ನಾ ಊರಿಗೆ ಹೊಳ್ಳಬೇಕವ್ವಾ. ಅಷ್ಟರಾಗ ಕೂಡಸು."

ನಾನು ಕೂಡಿಸಿದೆ. ಗುಡಿಸಲಲ್ಲಿ ಇಟ್ಟರೆ ಇಲಿ ಕಡಿಯುತ್ತಿದ್ದವು, ಸೋರೆ ಬುರುಡೆಯಲ್ಲವೇ. ಹೀಗಾಗಿ ಕೂಲಿಯ ಬಿಲ್ಲೆಗಳನ್ನು ಆಯಿಯ ಹತ್ತಿರವೇ ಬಿಟ್ಟೆ. ಅವಳು ಅಟ್ಟಣಿಗೆಯ ಮೇಲೆ ನನಗೆಂದೇ ಒಂದು ಗಡಿಗೆ ಇಟ್ಟಳು. "ಆಡಿನ ಗಡಿಗಿ ತುಂಬಾಕತ್ತದ ನೋಡ್ ಬೇ" ಎಂದು ಆವಾಗಾವಾಗ ಅವಳೇ ಹೇಳುತ್ತಿದ್ದಳು. ನನ್ನ ಕೂಸಿನ ಮೇಲೆ ಅವಳಿಗೆ ಮರುಕವಿತ್ತು. ಇತ್ತು, ಇಲ್ಲ ಎನ್ನುವುದಿಲ್ಲ. ನಾನು ಹೊರೆ ಇಳಿಸುವಾಗ ಮರದ ನೆರಳಲ್ಲಿ ಮಲಗಿಸಿದ ಕೂಸನ್ನು ದೂರದಿಂದ ಬಾಯಿ ಮಾಡಿ ಮಾತಾಡಿಸುತ್ತಿದ್ದಳು.

ಕೆಟ್ಟದ್ದು ಎಣ್ಣೆ ಅಂಗಡಿಯಿಂದ. ನಮ್ಮ ಕೇರಿಯವರು ಕೊಟ್ಟ ದುಡ್ಡಿಗೆ ನೀರು ಚಿಮುಕಿಸುವುದು ಆ ಸಾವ್ಕಾರನ ರೂಢಿ. ತಾಮ್ರಕ್ಕೆ ನೀರು ಬಿದ್ದರೆ ಏನಾಗುತ್ತದೆ? ಒರೆಸಿ ಗಲ್ಲೆಗೆ ಹಾಕುತ್ತಿದ್ದ. ಕೈ ರೂಢಿಯಿಂದ ನಮ್ಮ ಬಿಲ್ಲೆಗಳಿಗೂ ನೀರು ಹಾಕಿದ. ಸೋರೆಯ ಒಳಮೈ ಉಬ್ಬಿತು. ಬರೆ ಮುಚ್ಚಿಹೋಯಿತು. ಡಬ್ಬಿಯಲ್ಲಿ ಒತ್ತೊತ್ತಾಗಿ ಇಟ್ಟದ್ದಕ್ಕೆ ಬೂಸು ಬಂದು, ಪಕ್ಕದ ಒಳ್ಳೆಯ ಬಿಲ್ಲೆಗಳಿಗೂ ಹತ್ತಿತು. ಒಂದು ದಿನ ಅವನು ಆ ಡಬ್ಬಿ ತಂದು ಭಟ್ಟಿಯ ಕಟ್ಟೆಯ ಮೇಲೆ ಬೋರಲು ಹಾಕಿದ. ನಾನು ಹೊರೆ ಬಿಚ್ಚುತ್ತಿದ್ದೆ.

"ನೋಡ್ರಿ ಆಯಿ ನಿಮ್ಮ ರೊಕ್ಕಾ! ನಾಯಿಕೊಡಿ ಎದ್ದಾವ ಇದರ ಮ್ಯಾಗ. ಪಲ್ಲ್ಯಾ ಮಾಡ್ಕೊಂಡು ತಿನ್ಲಿ ಏನು?"

"ನೀರ ಯಾಕ ಹಾಕಿದಿ?"

"ಹಾಕದೆ ಹೆಂಗ್ ತಗೊಳ್ಲಿ? ಯಾರ ಕೈದು ಅಂತ ಗೊತ್ತಿಲ್ಲೇನು?" ನನ್ನ ಕಡೆ ಗದ್ದ ಎತ್ತಿದ. "ತಾಂಬ್ರ ಆದ್ರ ನೀರ ಹಾಕಿದ್ರ ಮುಗೀತು. ಇದು ಗಡಿಗಿ ಇದ್ದಂಗ, ಎಲ್ಲಾ ಕುಡೀತದ. ಕುಡದದ್ದು ಹೋಗಂಗಿಲ್ಲ."

"ನನ್ನಂಗ ಬಿಸಿ ಉಸುಕಿನ್ಯಾಗ ಹೊರಳಸು."

"ಎಣ್ಣಿ ಅಂಗಡ್ಯಾಗ ಬೆಂಕಿ ಇಡ್ಲೇನ್ರಿ ಆಯಿ? ಮೂರೂ ಲೋಕ ಬೆಳಕ ಕಾಣ್ತಾವ!"

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ, ಮಾತು ಹಾಗಿತ್ತು. ಆಯಿ ಕೆಟ್ಟ ಬಿಲ್ಲೆಗಳನ್ನೆಲ್ಲ ತೆಗೆದುಕೊಂಡು ಅವನಿಗೆ ಅಷ್ಟೂ ಪುಠಾಣಿ ಅಳೆದು ಕೊಟ್ಟಳು. ಅವನು ಹೋಗುವಾಗ, "ಇನ್ ಮ್ಯಾಲ ನಾ ಬಿಲ್ಲಿ ಮುಟ್ಟಂಗಿಲ್ಲ, ಬಜಾರದಾಗ ಯಾರೂ ಮುಟ್ಟಂಗಿಲ್ಲ" ಎಂದ. ಅದು ಅವಳಿಗೆ ನಾಟಿತು. ಅವಳ ಬಿಲ್ಲೆ ನಿಂತರೆ ಅವಳ ಮಾತು ನಿಂತ ಹಾಗೆ.

ಅದಾಗಿ ಕೆಲವು ದಿನಕ್ಕೆ ಕುರುಬ ಹಿಂಡು ಎಬ್ಬಿಸುವ ಸುದ್ದಿ ಬಂತು. ನಾನು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಆಯಿಯ ಹತ್ತಿರ ಓಡಿ ಗಡಿಗೆ ಕೇಳಿದೆ. ಅವಳು ಖುಷಿಯಿಂದಲೇ ಇಳಿಸಿ ನನ್ನ ಉಡಿಗೆ ಸುರಿದಳು. ನೋಡಿದರೆ ಪ್ರತಿಯೊಂದು ಬಿಲ್ಲೆಯ ಅಂಚಿಗೂ ಕುಡಗೋಲಿನಿಂದ ಒಂದು ಕಚ್ಚು.

"ಇದೇನ್ರಿ ಆಯಿ? ಇಲಿ ಕಡದಾವೇನು?"

"ಇಲಿ ಅಲ್ಲ, ನಾನ ಹಾಕೀನಿ. ಕೇರಿಗೆ ಕೊಡೂವಕ್ಕ ಕಚ್ಚು, ಊರಿಗೆ ಕೊಡೂವಕ್ಕ ಸಾಫ್. ಈಗ ಯಾರಿಗೂ ಪಂಚಾತಿ ಇಲ್ಲ. ಬೆಲಿ ಅದೇ. ಕಚ್ಚಿಂದೂ ಒಂದ ಹಿಡಿ, ಸಾಫಿಂದೂ ಒಂದ ಹಿಡಿ."

ಅವಳ ಮುಖದಲ್ಲಿ ಒಂದು ದೊಡ್ಡ ಜಗಳ ಬಿಡಿಸಿದ ತೃಪ್ತಿ ಇತ್ತು. ನನಗೂ ಆಗ ಪೂರಾ ತಿಳಿಯಲಿಲ್ಲ. ಬೆಲೆ ಅದೇ ಎಂದಳಲ್ಲ. ಉಡಿ ಹಿಡಿದುಕೊಂಡು ಕುರುಬನ ಹತ್ತಿರ ಹೋದೆ.

ಅವನು ಒಂದು ಬಿಲ್ಲೆ ಎತ್ತಿ ಬೆರಳಿನಿಂದ ಕಚ್ಚು ಸವರಿದ. "ಅವ್ವಾ, ಇವು ಕೇರಿ ಬಿಲ್ಲಿ."

"ಬೆಲಿ ಅದೇ ಅಣ್ಣಾ. ಆಯಿನ ಹೇಳ್ಯಾಳ."

"ಆಯಿ ಕೊಡ್ತಾಳ. ಕಂಬಳಿಯವ ತಗೋತಾನೇನು? ಎಣ್ಣಿ ಸಾವ್ಕಾರ ತಗೋತಾನೇನು? ನಿನ್ನೆ ನಿಮ್ಮ ಕೇರಿಯವರು ಕೊಟ್ಟದ್ದೊಂದು ಸಾವ್ಕಾರಗ ಕೊಟ್ಟು ನೋಡೀನಿ, ಕಟ್ಟಿಗಿಯಿಂದ ದೂಡಿದ. ನನಗೇನು ಬ್ಯಾನಿ ಇಲ್ಲ, ನಿನ್ನ ಕೈಯಾಗ ನೀರ ಕುಡೀತೀನಿ ಬೇಕಾದ್ರ. ನನ್ನ ಮುಂದಿನವ ತಗೊಳಂಗಿಲ್ಲ ಅಂದ್ರ ನಾ ಏನ್ ಮಾಡ್ಲಿ? ಹೋಗು, ಸಾಫಿನವು ತಗೊಂಡು ಬಾ, ಮುಂಜಾನಿ ತನಕ ಇರ್ತೀನಿ."

ಬಂದ ದಾರಿಯಲ್ಲೇ ಹೊರಳಿದೆ. ಬೇರೇನೂ ಕೇಳಲಿಲ್ಲ ನಾನು ಆಯಿಯನ್ನು. ಕಚ್ಚಿನವು ತಗೊಂಡು ಸಾಫಿನವು ಕೊಡಿ ಎಂದೆ. ಗಲ್ಲೆಯಲ್ಲಿ ಸಾಫಿನವು ತುಂಬಿ ಕೂತಿದ್ದವು, ನನ್ನ ಕಣ್ಣಿಗೆ ಕಾಣುತ್ತಿದ್ದವು.

"ಆಗಂಗಿಲ್ಲ" ಎಂದಳು.

"ಆಡು ಹೋಗ್ತದ್ರಿ ಆಯಿ."

"ಬಜಾರಕ್ಕ ಜಬಾನ ಕೊಟ್ಟೀನಿ. ಸಾಫಿಂದು ಕೇರಿಗೆ ಹೋಗಂಗಿಲ್ಲ ಅಂತ. ಒಂದ ಮಾತು ಮುರದ್ರ ನನ್ನ ಬಿಲ್ಲಿ ಯಾವನೂ ನಂಬಂಗಿಲ್ಲ."

"ನನಗೂ ಮಾತ ಕೊಟ್ಟಿದ್ರಲ್ಲ."

"ನಿನಗ ಪುಠಾಣಿ ಕೊಡ್ತೀನಂತ ಕೊಟ್ಟೀನಿ. ಇಲ್ಲ ಅಂದೀನೇನು? ತಗೋ!"

ಎದ್ದಳು. ಸಿಟ್ಟಿನಿಂದ ಎದ್ದಳು. ಒಂದು ಗೋಣಿಚೀಲ ಬಿಡಿಸಿ, ನನ್ನ ಒಂದೊಂದು ಬಿಲ್ಲೆಗೆ ಒಂದೊಂದು ಹಿಡಿ ಹಾಕುತ್ತ ಹೋದಳು, ಪ್ರತಿ ಹಿಡಿಗೂ ಕೊಸರು. ಹಿಟ್ಟು ಹಿಟ್ಟಾದ ಬಿಸಿ ಪುಠಾಣಿ. ಬುಟ್ಟಿಗಳೆಲ್ಲ ಖಾಲಿಯಾದವು. ಕೊಳ್ಳಲು ಬಂದವರು ನಿಂತು ನೋಡಿದರು. "ನೋಡ್ರೆಪ್ಪಾ, ಆಯಿ ಧರ್ಮಾ" ಎಂದರು. ಧರ್ಮವಂತೆ. ಚೀಲ ತುಂಬ ಪುಠಾಣಿ ಹೊತ್ತುಕೊಂಡು ನಾನು ಬಜಾರದಲ್ಲಿ ನಿಂತರೆ ಅದನ್ನು ಕೊಳ್ಳುವವರು ಯಾರು? ನನ್ನ ಉಡಿಗೆ ಬಿದ್ದ ಮೇಲೆ ಅದೂ ಕಚ್ಚು ಬಿದ್ದ ಹಾಗೆಯೇ.

ಆದರೂ ಹೊತ್ತೆ. ಮುಂಜಾನೆ ಕುರುಬನ ಮುಂದೆ ಇಳಿಸಿದೆ. ಅವನು ಚೀಲ ನೋಡಿ ಹಣೆ ಬಡಿದುಕೊಂಡ. ಅಷ್ಟರಲ್ಲಿ ಆ ಕರಿ ಆಡೇ ಬಂದು ಚೀಲಕ್ಕೆ ಮೂತಿ ಹಾಕಿ ಕರಕರ ತಿನ್ನತೊಡಗಿತು. "ನೋಡವ್ವಾ, ಆಡಿಗೆ ಒಪ್ಪಿಗಿ ಅದ" ಎಂದ. ನಗಲಿಲ್ಲ. ಅದರ ಕಿವಿ ಹಿಡಿದು ಎಳೆದ. "ಇಷ್ಟು ಪುಠಾಣಿ ಹೊತ್ಕೊಂಡು ನಾ ಹಿಂಡು ಹೆಂಗ್ ಹೊಡೀಲಿ? ದಾರ್ಯಾಗ ಮಳಿ ಬಂದ್ರ ಸಾರು ಆಗ್ತದ." ಎರಡು ಹಿಡಿ ಕಂಬಳಿಯ ಮೂಲೆಗೆ ಕಟ್ಟಿಕೊಂಡು, ಅದಕ್ಕೆ ಬದಲು ಒಂದು ಬಟ್ಟಲು ಹಾಲು ಕರೆದು ನನ್ನ ಕೂಸಿಗೆ ಕುಡಿಸಿದ. ಹಿಂಡು ಎಬ್ಬಿಸಿದ. ಧೂಳು ಎದ್ದಿತು. ಆಡು ಯಾವುದು ಕುರಿ ಯಾವುದು ಗೊತ್ತಾಗಲಿಲ್ಲ.

ಆ ಬೇಸಿಗೆ ನಮ್ಮ ಕೇರಿಯಲ್ಲಿ ಪುಠಾಣಿಯೇ ಪುಠಾಣಿ. ಮಕ್ಕಳು ತಿಂದು ಹೊಟ್ಟೆ ಕಟ್ಟಿಸಿಕೊಂಡರು. ನಾನು ಒಳಕಲ್ಲಿನಲ್ಲಿ ಕುಟ್ಟಿ, ಹಿಟ್ಟು ಜರಡಿ ಹಿಡಿದು, ಗಂಜಿ ಕಾಸಿ ಮಗಳ ಬಾಯಿಗೆ ಹಾಕಿದೆ. ಅರ್ಧ ಉಗುಳುತ್ತಿದ್ದಳು. ಅತ್ತು ಅತ್ತು ನುಂಗಿದಳು. ಬಿಲ್ಲೆ ಕೊಟ್ಟರೆ ಕಟ್ಟಿಗೆ ಇಲ್ಲ, ತಾಮ್ರವೋ ಜೋಳವೋ ಕೊಡಿ ಎಂದು ನಾವು ಹೆಂಗಸರು ಆಯಿಗೆ ಹೇಳಿದೆವು. ಅವಳು ಜೋಳ ಕೊಟ್ಟಳು. ಜಗಳ ಮಾಡಲಿಲ್ಲ. ನಾವು ಸಿಟ್ಟಾದದ್ದು ಯಾಕೆ ಎಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಸಾಯುವ ತನಕ ತಿಳಿಯಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ. ಅವಳು ಮೋಸ ಮಾಡಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಒಂದು ಕಾಳು ಮೋಸ ಮಾಡಲಿಲ್ಲ. ಮೋಸವಿಲ್ಲದ ಅನ್ಯಾಯಕ್ಕೆ ಬೈಗುಳ ಎಲ್ಲಿಂದ ತರುವುದು?

ಕಡೆಗೆ ಸರಕಾರದ ಹೊಸ ಚಿಲ್ಲರೆ ಬಂತು. ನಡುವೆ ತೂತು ಇರುವ ಸಣ್ಣ ದುಡ್ಡು, ತಾಮ್ರ ಉಳಿಸಲು ಹಾಗೆ ಮಾಡಿದರಂತೆ. ಆಯಿ ಊರೆಲ್ಲ ಸಾರಿ ಬಿಲ್ಲೆಗಳನ್ನು ತರಿಸಿಕೊಂಡು, ಪುಠಾಣಿ ಬೇಕಾದವರಿಗೆ ಪುಠಾಣಿ, ದುಡ್ಡು ಬೇಕಾದವರಿಗೆ ದುಡ್ಡು ಕೊಟ್ಟು, ಎಲ್ಲವನ್ನೂ ಭಟ್ಟಿಗೆ ಹಾಕಿ ಸುಟ್ಟಳು. ಕಚ್ಚಿನವೂ ಸಾಫಿನವೂ ಕೂಡಿಯೇ ಉರಿದವು. ನಾನು ಅಂದು ಹೊರೆ ತಂದಿದ್ದೆ. ಅವಳು ಒಂದು ಹೊಸ ದುಡ್ಡನ್ನು ಕಣ್ಣಿಗೆ ಹಿಡಿದು ತೂತಿನೊಳಗಿಂದ ನನ್ನನ್ನು ನೋಡಿದಳು.

"ನಾ ಕಚ್ಚು ಹಾಕೀನಂತ ಮಾರಿ ಊದಿಸ್ಕೊಂಡೀದಿ. ನೋಡಿಲ್ಲಿ, ಸರಕಾರ ನಡಬರಕ್ಕ ತೂತ ಹೊಡದದ. ಅವರಿಗೆ ಅಂತಿ ಏನು?"

"ಆ ತೂತು ಎಲ್ಲಾರ ದುಡ್ಡಿಗೂ ಅದ್ರೀ ಆಯಿ."

ಅವಳು ಬಾಣಲೆಯ ಉಸುಕು ಕೈಯಾಡಿಸಿದಳು. ಆಮೇಲೆ ಮೆಲ್ಲಗೆ, ಖರೆಯಾಗಿಯೇ ತಿಳಿಯಬೇಕೆನ್ನುವ ಹಾಗೆ ಕೇಳಿದಳು: "ನಿನಗ ನಾ ಒಂದ ಕಾಳ ಕಮ್ಮಿ ಕೊಟ್ಟೀನೇನ?"

"ಇಲ್ರಿ" ಎಂದೆ. ಇಲ್ಲವೇ ಇಲ್ಲವಲ್ಲ.

ಅವಳು ಸತ್ತಾಗ ಬಜಾರ ಬಂದ್ ಮಾಡಿದರು. ಮೆರವಣಿಗೆ ನಮ್ಮ ಕೇರಿಯ ಮುಂದೆ ಬರಲಿಲ್ಲ, ದಾರಿ ಬೇರೆ ಇತ್ತು.

ಮಗಳು ಬದುಕಿದಳು. ಈಗ ಜೇವರ್ಗಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ, ಗೋಡೆಗೆ ಬುದ್ಧನ ಫೋಟೋ ಹಾಕಿದ ಪಕ್ಕಾ ಮನೆ. ಹೋದ ಸಲ ಅವಳ ಮನೆಗೆ ಹೋದಾಗ ಯಾರೋ ಆಳಂದದವರು ಬಂದಿದ್ದರು. ಆಯಿಯ ಮಾತು ಬಂತು. ಬಂದವರು ಹೊಗಳಿದರು. ನನ್ನ ಮಗಳೂ ಸೆರಗು ಸರಿಮಾಡಿಕೊಂಡು ಕೈ ಮುಗಿದಳು.

"ಹೌದ್ರಿ, ನಾ ಆ ಆಯಿ ಪುಠಾಣಿ ಗಂಜಿ ಕುಡದೇ ಬದುಕೀನಿ. ಆಕಿ ಇರಲಿಲ್ಲಂದ್ರ ನಾ ಇರ್ತಿರಲಿಲ್ಲ. ಹೌದಿಲ್ಲವ್ವಾ?"

"ಇರ್ತಿದ್ದಿ ಬೇ" ಎಂದೆ. "ಹಾಲು ಕುಡದು ಇರ್ತಿದ್ದಿ."